ಕೊಂಬು ಒಳಗೆ ತಿರುಗಿದ ಬೆಳಗು

ಒಂದು ಕಾಡಿನಲ್ಲಿ, ಹುಲ್ಲು ಆನೆಯ ಹೊಟ್ಟೆ ಮುಟ್ಟುವಷ್ಟು ಬೆಳೆಯುತ್ತಿದ್ದ ಬಯಲಿನ ಅಂಚಿಗೆ, ಕಾಟಿಗಳ ಒಂದು ಹಿಂಡು ಬಾಳುತ್ತಿತ್ತು. ಕಾಟಿ ಎಂದರೆ ಕಾಡುಕೋಣ. ಮೈ ಕರಿಬಂಡೆ, ಕಾಲಿಗೆ ಮಾತ್ರ ಬಿಳಿ ಕಾಲುಚೀಲ ತೊಟ್ಟ ಹಾಗೆ. ಈ ಹಿಂಡಿಗೆ ಹಳೆಯದೆಂದರೆ ಪ್ರಾಣ. ಅಜ್ಜಿ ಮೇದ ಹುಲ್ಲೇ ಹುಲ್ಲು, ಅಜ್ಜಿ ಕುಡಿದ ನೀರೇ ನೀರು. ಹೊಸ ಮಡುವಿಗೆ ಮೂತಿ ಇಡಬೇಕಾದರೆ ಒಂದು ಇಡೀ ಬೇಸಿಗೆ ಯೋಚನೆ ಮಾಡುತ್ತಿದ್ದವು.

ನಗಬೇಡಿ. ಆ ಹಳೆಯದರಲ್ಲೇ ಒಂದು ಪದ್ಧತಿ ಅವುಗಳ ಜೀವ ಉಳಿಸಿತ್ತು. ಅದನ್ನು ಅವು ಕೋಟೆ ಎನ್ನುತ್ತಿದ್ದವು. ಸೀಳುನಾಯಿಗಳು ಬಂದವೆಂದು ಗೊತ್ತಾದ ಕೂಡಲೇ ಕರುಗಳು ನಡುವೆ ಸೇರುತ್ತಿದ್ದವು. ದೊಡ್ಡವು ಸುತ್ತ ನಿಲ್ಲುತ್ತಿದ್ದವು. ಬಾಲ ಒಳಗೆ, ಕೊಂಬು ಹೊರಗೆ. ಸೀಳುನಾಯಿ ಹಿಂದಿನಿಂದ ಕಚ್ಚುವ ಪ್ರಾಣಿ. ಯಾವ ಕಡೆ ಬಂದರೂ ಕೊಂಬೇ ಎದುರಾದರೆ ಅದು ಏನು ಮಾಡೀತು? ಒಂದಷ್ಟು ಸುತ್ತು ಹಾಕಿ ಹಸಿದುಕೊಂಡೇ ಹೋಗುತ್ತಿತ್ತು.

ಸುದ್ದಿ ಹೇಳುವ ಕೆಲಸ ಕಾಜಾಣದ್ದು. ಬಯಲಿನ ನಡುವೆ ಒಣಗಿ ನಿಂತ ಮತ್ತಿಮರದ ತುದಿಯಲ್ಲಿ ಆ ಕರಿ ಹಕ್ಕಿ ಕೂತಿರುತ್ತಿತ್ತು. ಯಾರ ದನಿ ಬೇಕಾದರೂ ಅದು ತೆಗೆಯಬಲ್ಲದು. ದೂರದಲ್ಲಿ ಸೀಳುನಾಯಿ ಕಂಡರೆ ಸೀಳುನಾಯಿಗಳು ಒಂದನ್ನೊಂದು ಕರೆಯುವ ಹಾಗೆಯೇ ಶಿಳ್ಳೆ ಹೊಡೆಯುತ್ತಿತ್ತು. ಶಿಳ್ಳೆ ಕೇಳಿದ ಮೇಲೆ ಹಿಂಡಿನ ಹಿರಿಯಳಾದ ದೊಡ್ಡವ್ವ ನೆಲಕ್ಕೆ ಕಾಲು ಬಡಿಯುತ್ತಿದ್ದಳು. ಅವಳು ಬಡಿದರೆ ಕೋಟೆ ನಿಂತಂತೆ.

ಕಾಜಾಣಕ್ಕೂ ಒಂದು ಚಾಳಿ ಇತ್ತು, ಅದನ್ನು ಮುಚ್ಚಿಡಬಾರದು. ಹೊಟ್ಟೆ ಹಸಿದಾಗ ಅದು ಸುಮ್ಮನೆ ಶಿಳ್ಳೆ ಹೊಡೆಯುತ್ತಿತ್ತು. ಹಿಂಡು ಗಾಬರಿಯಿಂದ ಕಾಲೆತ್ತಿದರೆ ಹುಲ್ಲಿನೊಳಗಿನ ಮಿಡತೆಗಳು ಹಾರುತ್ತಿದ್ದವು. ಹಕ್ಕಿಗೆ ಊಟ ಆಗುತ್ತಿತ್ತು. ದೊಡ್ಡವ್ವ ಇದ್ದಾಗ ಇದು ಅಷ್ಟಾಗಿ ನಡೆಯುತ್ತಿರಲಿಲ್ಲ. ಯಾಕೆ ನಡೆಯುತ್ತಿರಲಿಲ್ಲ ಎಂದು ಯಾರೂ ಯೋಚಿಸಿರಲಿಲ್ಲ.

ಆ ದೊಡ್ಡವ್ವ ಒಂದು ದಿನ ಮಲಗಿದವಳು ಏಳಲಿಲ್ಲ. ಅವಳ ಜಾಗಕ್ಕೆ ಇಬ್ಬರು ಎದ್ದರು. ದೊಡ್ಡ ಹೊಟ್ಟೆಯ ಡೊಳ್ಳಯ್ಯ ಒಬ್ಬ, ಬಿದಿರಿನಂತೆ ಒಣಗಿದ ಕೊರಡಯ್ಯ ಇನ್ನೊಬ್ಬ. ಜಗಳ ಶುರುವಾದದ್ದು ಬಹಳ ಸಣ್ಣ ಮಾತಿಗೆ. ಕೋಟೆ ಕಟ್ಟಿದಾಗ ದೊಡ್ಡವ್ವ ಯಾವ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು?

"ಗುಡ್ಡದ ಕಡೆ," ಎಂದ ಡೊಳ್ಳಯ್ಯ. "ನಾನು ಅವಳ ಪಕ್ಕದಲ್ಲೇ ನಿಂತವನು."

"ಪಕ್ಕದಲ್ಲಿ ನಿಂತಿದ್ದೆಯೋ, ನಿಂತೇ ನಿದ್ದೆ ಮಾಡ್ತಿದ್ದೆಯೋ? ಅವಳು ನೋಡ್ತಿದ್ದದ್ದು ಹೊಳೆ ಕಡೆ," ಎಂದ ಕೊರಡಯ್ಯ.

"ನೀನು ಬಿಡಪ್ಪ, ಊರೆಮ್ಮೆಗಳ ಜೊತೆ ಕೆರೆಯಲ್ಲಿ ಹೊರಳಾಡಿ ಬಂದವನು."

"ಒಂದು ಸಲ. ಅದೂ ಬೇಸಿಗೇಲಿ."

"ಒಂದು ಸಲ ಸಾಕು."

ಹಿಂಡು ಎರಡಾಯಿತು. ಗುಡ್ಡದ ಕಡೆಯವರು, ಹೊಳೆ ಕಡೆಯವರು. ಇಬ್ಬರಿಗೂ ದೊಡ್ಡವ್ವ ಬೇಕು, ಆದರೆ ಎದುರಿನವರು ದೊಡ್ಡವ್ವನ ಮನೆತನದವರೇ ಅಲ್ಲ ಎನ್ನುತ್ತಿದ್ದರು. ಯಾರು ಎಷ್ಟು ನಿಜವಾದ ಕಾಟಿ ಎಂದು ಅಳೆಯುವುದರಲ್ಲೇ ದಿನ ಕಳೆಯಿತು. ಸೀಳುನಾಯಿ ಎಂಬ ಹೆಸರೇ ಎಲ್ಲರ ಬಾಯಿಂದ ಬಿಟ್ಟುಹೋಯಿತು.

ಚುಕ್ಕವ್ವ ಎಂಬ ಕಾಟಿಗೆ ಮಾತ್ರ ಬಿಟ್ಟುಹೋಗಲಿಲ್ಲ. ಅವಳಿಗೆ ಕೆಂಚಿ ಎಂಬ ಎಳೆಗರು ಇತ್ತು, ಇನ್ನೂ ಮೈ ಕೆಂಪು ಮಾಸದ್ದು. ಎಳೆಗರು ಇದ್ದವಳಿಗೆ ಅಂಥ ಹೆಸರುಗಳು ಮರೆಯುವುದಿಲ್ಲ. ಅವಳು ಗುಡ್ಡದ ಕಡೆಯವಳು. ಆರಿಸಿಕೊಂಡು ಹೋದದ್ದಲ್ಲ. ಜಗಳ ಶುರುವಾದ ದಿನ ಆ ಕಡೆ ಮೇಯುತ್ತಿದ್ದಳು, ಅಷ್ಟೆ. ಅವಳ ಜೊತೆಯಲ್ಲೇ ಬೆಳೆದ ಸೀಗವ್ವ ಹೊಳೆ ಕಡೆ ಮೇಯುತ್ತಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇಂಥ ಹೊತ್ತಿಗೆ ಬಂದ, ಒಬ್ಬ ನರಿ. ಮೆಲ್ಲಗೆ ನಡೆಯುವವನು, ಮೆಲ್ಲಗೆ ಮಾತಾಡುವವನು.

"ಯಜಮಾನ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ ಡೊಳ್ಳಯ್ಯನಿಗೆ. "ಆ ಹಕ್ಕಿ ಶಿಳ್ಳೆ ಹೊಡೆದಾಗ ಓಡೋರು ನೀವು. ಮಿಡತೆ ತಿನ್ನೋರು ಯಾರು?"

ಡೊಳ್ಳಯ್ಯ ಮೆಲುಕು ನಿಲ್ಲಿಸಿದ. ಮಾತು ನಿಜವಾಗಿತ್ತು. ನರಿಯ ಬಂಡವಾಳವೇ ಅದು. ಮೊದಲು ಒಂದು ನಿಜ ಕೊಟ್ಟು, ಅದರ ಬಾಲಕ್ಕೆ ಬೇಕಾದ್ದು ಕಟ್ಟುತ್ತಿದ್ದ.

"ಅದು ಹೊಳೆ ಕಡೆಯವರು ಸಾಕಿದ ಹಕ್ಕಿ, ಯಜಮಾನ್ರೇ. ಇನ್ಮೇಲೆ ಸುದ್ದಿ ನಾನು ತರ್ತೀನಿ. ನನಗೆ ಮಿಡತೆಯೂ ಬೇಡ, ಏನೂ ಬೇಡ."

ಅದೇ ದಿನ ಹೊಳೆ ಕಡೆ ಹೋಗಿ, ಆ ಹಕ್ಕಿ ಗುಡ್ಡದವರದು ಎಂದ. ಕಾಜಾಣದ ಮಾತು ಕೇಳಬಾರದು ಎಂದು ಎರಡೂ ಕಡೆ ತೀರ್ಮಾನವಾಯಿತು. ಆ ವರ್ಷ ಇಡೀ ಹಿಂಡು ಒಮ್ಮನಸ್ಸಿನಿಂದ ಒಪ್ಪಿದ ಮಾತು ಅದೊಂದೇ.

ನರಿ ದಿನಾ ಬೆಳಗ್ಗೆ ಬರುತ್ತಿದ್ದ. ಡೊಳ್ಳಯ್ಯನ ಕಿವಿಯಲ್ಲಿ, "ಕೊರಡಯ್ಯ ನಿಮ್ಮ ಕರುಗಳನ್ನ ಸೀಳುನಾಯಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದಾನಂತೆ," ಎನ್ನುತ್ತಿದ್ದ. ಕೊರಡಯ್ಯನ ಕಿವಿಯಲ್ಲಿ ಹೆಸರು ಮಾತ್ರ ಬದಲಾಗುತ್ತಿತ್ತು. ಒಂದು ಬೆಳಗ್ಗೆ ಅವನು ಚುಕ್ಕವ್ವನ ಪಕ್ಕದಿಂದ ಹಾದುಹೋದ. ಗಾಳಿ ಅವನ ವಾಸನೆ ತಂದಿತು. ಚುಕ್ಕವ್ವನ ಬೆನ್ನಿನ ರೋಮ ಎದ್ದು ನಿಂತಿತು. ನರಿಯ ಮೈಯಲ್ಲಿ ನರಿಯ ವಾಸನೆಯಷ್ಟೇ ಅಲ್ಲ, ಇನ್ನೊಂದು ವಾಸನೆಯೂ ಇತ್ತು.

"ನಿನ್ನ ಮೇಲೆ ಸೀಳುನಾಯಿ ವಾಸನೆ ಬರ್ತಿದೆಯಲ್ಲ," ಎಂದಳು.

"ಸುದ್ದಿ ಬೇಕು ಅಂದ್ರೆ ಎಲ್ಲೆಲ್ಲೋ ಓಡಾಡಬೇಕಾಗುತ್ತೆ ಚುಕ್ಕಕ್ಕ," ಎಂದ ನರಿ. ಆಮೇಲೆ ಕೆಂಚಿಯನ್ನು ನೋಡಿ, "ಮಗು ಚೆನ್ನಾಗಿ ಮೈ ತುಂಬ್ಕೊಂಡಿದೆ," ಎಂದ.

ಚುಕ್ಕವ್ವ ಡೊಳ್ಳಯ್ಯನಿಗೆ ಹೇಳಿದಳು. ಡೊಳ್ಳಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀನೂ ಹೊಳೆ ಕಡೆ ವಾಲಿದೆಯಾ?" ಎಂದ. ಸುತ್ತಲಿನ ತಲೆಗಳೆಲ್ಲ ಮೆಲ್ಲಗೆ ಅವಳ ಕಡೆ ತಿರುಗಿದವು. ಅವಳು ಕೆಂಚಿಯನ್ನು ಕರೆದುಕೊಂಡು ಅಲ್ಲಿಂದ ಸರಿದಳು.

ಅದಾದ ಮೇಲೆ ಒಂದು ಸಂಜೆ ಕಾಜಾಣ ಶಿಳ್ಳೆ ಹೊಡೆಯಿತು. ಬಿಡದೆ ಹೊಡೆಯಿತು. "ಮಿಡತೆ ಬೇಕಾಗಿರಬೇಕು," ಎಂದು ಯಾರೋ ನಕ್ಕರು. ಯಾರೂ ಕಾಲೆತ್ತಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಸೀಗವ್ವನ ಕರು ಇರಲಿಲ್ಲ.

ಸೀಗವ್ವ ಹುಲ್ಲಿನಲ್ಲಿ ಕರೆಯುತ್ತಾ ತಿರುಗಿದಳು. ಕರೆದು, ನಿಂತು ಕೇಳುತ್ತಿದ್ದಳು. ಮತ್ತೆ ಕರೆಯುತ್ತಿದ್ದಳು. ಚುಕ್ಕವ್ವ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟಳು. ಹಿಂದಿನಿಂದ ಡೊಳ್ಳಯ್ಯ ಕೆಮ್ಮಿದ. ಅವಳು ನಿಂತುಬಿಟ್ಟಳು.

ನರಿಯ ಸುದ್ದಿ ಆಗಲೇ ಸಿದ್ಧವಾಗಿತ್ತು. ಗುಡ್ಡದವರೇ ಕರುವನ್ನು ಹುಲ್ಲಿಗೆ ತಳ್ಳಿದರು ಎಂದು ಹೊಳೆ ಕಡೆ. ನಿಮ್ಮ ಮೇಲೆ ಹೊರಿಸಲು ಅವರೇ ಬಚ್ಚಿಟ್ಟಿದ್ದಾರೆ ಎಂದು ಗುಡ್ಡದ ಕಡೆ. ಅಂದಿನಿಂದ ಯಾರೂ ತಲೆ ತಗ್ಗಿಸಿ ನೆಮ್ಮದಿಯಾಗಿ ಮೇಯಲಿಲ್ಲ. ಒಂದು ಬಾಯಿ ಹುಲ್ಲು, ಒಂದು ಸಲ ಪಕ್ಕದವರ ಕಡೆ ನೋಟ. ಹುಲ್ಲು ಅಲುಗಿದರೆ ಹೆದರದವರು, ಪಕ್ಕದವರ ಕಿವಿ ಅಲುಗಿದರೆ ಹೆದರಿದರು.

ಚುಕ್ಕವ್ವ ಕೆಂಚಿಯನ್ನು ಗದ್ದದ ಕೆಳಗೇ ಇಟ್ಟುಕೊಂಡು ಓಡಾಡಿದಳು. ಕೊನೆಗೆ ತಡೆಯಲಾರದೆ, ಬೆನ್ನು ಕೆರೆದುಕೊಳ್ಳುವ ನೆಪದಲ್ಲಿ ಮತ್ತಿಮರಕ್ಕೆ ಹೋದಳು. ಮೇಲೆ ನೋಡದೆಯೇ ಕೇಳಿದಳು:

"ಆವತ್ತು ಸಂಜೆ ನೀನು ಕಂಡದ್ದು ನಿಜವಾ?"

"ನಿಜ," ಎಂದಿತು ಕಾಜಾಣ.

"ಎಷ್ಟೋ ಸಲ ಸುಳ್ಳು ಹೇಳಿದ್ದೀಯ."

"ಹೇಳಿದ್ದೀನಿ. ಹೊಟ್ಟೆ ಇದೆ ನನಗೆ. ಆಣೆಗೀಣೆ ಇಡು ಅಂದರೆ ಇಡಲ್ಲ, ಇಟ್ಟರೂ ನೀನು ನಂಬಬೇಡ."

"ಮತ್ತೆ ನಿನ್ನ ಮಾತು ಯಾಕೆ ಕೇಳಬೇಕು?"

"ನಿಮ್ಮ ದೊಡ್ಡವ್ವನೂ ನಂಬ್ತಿರಲಿಲ್ಲ ಕಣೇ. ಆದರೆ ಕೇಳ್ತಿದ್ದಳು. ನಾನು ಕೂಗಿದ ತಕ್ಷಣ ಮೂಗು ಎತ್ತುತ್ತಿದ್ದಳು. ಗಾಳಿ ಬರುವ ಕಡೆ ತಿರುಗಿ ಮೂಸುತ್ತಿದ್ದಳು. ವಾಸನೆ ಬಂದರೆ ಕಾಲು ಬಡಿತ. ಬರದಿದ್ದರೆ ನನ್ನ ಕಡೆ ನೋಡಿ ಒಂದು ಉಸಿರು ಬಿಟ್ಟು ಮತ್ತೆ ಮೇಯ್ತಿದ್ದಳು. ಅವಳ ಕಾಲದಲ್ಲಿ ನನಗೆ ಮಿಡತೆ ಅಷ್ಟಕ್ಕಷ್ಟೆ."

ಚುಕ್ಕವ್ವ ಬೆನ್ನುಜ್ಜುವುದನ್ನು ನಿಲ್ಲಿಸಿದಳು. ಗಾಳಿ ಬರುವ ಕಡೆ. ಬೇಸಿಗೆಯಲ್ಲಿ ಗಾಳಿ ಬರುವುದು ಹೊಳೆಯಿಂದ, ಚಳಿಗಾಲದಲ್ಲಿ ಗುಡ್ಡದಿಂದ. ಡೊಳ್ಳಯ್ಯ ಕಂಡದ್ದೂ ನಿಜ, ಕೊರಡಯ್ಯ ಕಂಡದ್ದೂ ನಿಜ. ದೊಡ್ಡವ್ವನಿಗೆ ಗುಡ್ಡವೂ ಬೇಕಿರಲಿಲ್ಲ, ಹೊಳೆಯೂ ಬೇಕಿರಲಿಲ್ಲ. ಇಷ್ಟಕ್ಕಾಗಿ ಹಿಂಡು ಒಡೆದು, ಒಂದು ಕರು ಹೋಗಿತ್ತು.

ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಎರಡೂ ಕಡೆಯವರು ತಿವಿಯುತ್ತಾರೆ. ಅವಳು ಹೇಳಲಿಲ್ಲ. ಆ ಭಯವನ್ನೂ ಮೆಲುಕು ಹಾಕುತ್ತಾ ದಿನ ದೂಡಿದಳು.

ಚಳಿಗಾಲದ ಒಂದು ಬೆಳಗ್ಗೆ ಬಯಲಿಗೆ ದಟ್ಟ ಮಂಜು ಇಳಿಯಿತು. ತನ್ನ ಕಾಲ ಬಿಳಿ ತನಗೇ ಕಾಣದಂಥ ಮಂಜು. ಮತ್ತಿಮರ ಕಾಣಲಿಲ್ಲ, ಅದರ ತುದಿಯಿಂದ ಶಿಳ್ಳೆ ಮಾತ್ರ ಕೇಳಿತು.

"ಏನೂ ಇಲ್ಲ, ಏನೂ ಇಲ್ಲ," ಎಂದು ನರಿ ಎರಡೂ ಗುಂಪುಗಳ ನಡುವೆ ಓಡಾಡಿದ. "ಹೊರಗಡೆ ಎಲ್ಲ ನೋಡ್ಕೊಂಡು ಬಂದೆ. ಹೆದರಬೇಕಾದ್ದು ಒಳಗಿನವರಿಗೆ. ಕಣ್ಣು ಅವರ ಮೇಲಿರಲಿ."

ಚುಕ್ಕವ್ವ ಮೂಗು ಎತ್ತಿದಳು. ಗಾಳಿ ಗುಡ್ಡದಿಂದ ಬರುತ್ತಿತ್ತು. ಅದರಲ್ಲಿ ಆ ವಾಸನೆ ಇತ್ತು. ಈ ಸಲ ಒಬ್ಬ ನರಿಯ ಮೈಗೆ ಅಂಟಿದಷ್ಟಲ್ಲ, ದಟ್ಟವಾಗಿತ್ತು. ಕಾಲೆತ್ತಿ ನೆಲಕ್ಕೆ ಬಡಿದಳು.

ಅಭ್ಯಾಸ ದೊಡ್ಡದು. ಬಡಿತ ಕೇಳಿ ಹಿಂಡು ಓಡಿಬಂದು ಸುತ್ತ ನಿಂತಿತು. ಕರುಗಳು ನಡುವೆ ಸೇರಿದವು. ಕೋಟೆ ಎದ್ದಿತು. ಆದರೆ ಚುಕ್ಕವ್ವ ನೋಡಿದಳು, ಎದುರಿಗೆಲ್ಲ ಮುಖಗಳೇ. ಗುಡ್ಡದವರು ಹೊಳೆಯವರನ್ನು ನೋಡುತ್ತಿದ್ದರು, ಹೊಳೆಯವರು ಗುಡ್ಡದವರನ್ನು. ಬೆನ್ನು ತೋರಿಸಲು ಯಾರಿಗೂ ಧೈರ್ಯವಿಲ್ಲ. ಅಷ್ಟೂ ಕೊಂಬು ಒಳಗೆ, ಅಷ್ಟೂ ಬಾಲ ಹೊರಗೆ. ನಡುವೆ, ಕೊಂಬುಗಳ ತುದಿಯ ಕೆಳಗೆ, ಕರುಗಳು ನಡುಗುತ್ತಿದ್ದವು. ಕರುಗಳ ಪಕ್ಕದಲ್ಲಿ ನರಿ ಆರಾಮಾಗಿ ನಿಂತಿದ್ದ. ಇಬ್ಬರಿಗೂ ಹೇಳಲು ಅವನಿಗೆ ಅದೇ ಅನುಕೂಲದ ಜಾಗ.

ಬೆನ್ನ ಹಿಂದೆ ಹುಲ್ಲು ಸರಸರ ಎಂದಿತು. ಅವಳ ಪಕ್ಕದ ಮುದಿ ಕಾಟಿ ನರಳಿತು. ಅದರ ತೊಡೆಯಿಂದ ರಕ್ತ ಇಳಿಯುತ್ತಿತ್ತು. ಆದರೂ ಅದು ಮುಖ ತಿರುಗಿಸಲಿಲ್ಲ. ಕಚ್ಚಿದವರಿಗಿಂತ ಎದುರಿನವರ ಭಯವೇ ಅದಕ್ಕೆ ಹೆಚ್ಚಾಗಿತ್ತು.

ಚುಕ್ಕವ್ವ ತಿರುಗಿದಳು.

"ಏಯ್, ಏನ್ ಮಾಡ್ತಿದ್ದೀಯ," ಎಂದ ಡೊಳ್ಳಯ್ಯ. "ಹಿಂದಿನಿಂದ ತಿವಿತಾರೆ."

ಅವಳಿಗೂ ಅದೇ ಭಯ. ಕೊರಡಯ್ಯನ ಕೊಂಬು ಎಲ್ಲಿದೆಯೆಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಮಂಜಿನ ಕಡೆ ಮುಖ ಮಾಡಿಯೇ ಹೇಳಿದಳು: "ಕೊರಡಯ್ಯ, ನನ್ನ ಬೆನ್ನು ನಿನ್ನ ಕಡೆ ಇದೆ. ತಿವಿಯೋದಾದರೆ ತಿವಿ. ನನ್ನ ಕರು ನಿನ್ನ ಕಾಲ ಹತ್ತಿರ ಇದೆ, ನೋಡ್ಕೊಂಡು ಹೆಜ್ಜೆ ಇಡು."

ಅವಳ ಬೆನ್ನಿಗೆ ಬಿಸಿ ಉಸಿರು ತಾಗಿತು. ತಾಗುತ್ತಲೇ ಇತ್ತು. ಮಂಜಿನೊಳಗಿಂದ ಒಂದು ಕೆಂಪು ಮೂತಿ ಹೊರಬಂತು. ಅವಳು ಕೊಂಬು ಬೀಸಿದಳು, ಅದು ಹಿಂದೆ ಸರಿಯಿತು. ಆಗ ಆಚೆ ಬದಿಯಲ್ಲಿ ಗೊರಸಿನ ಸದ್ದಾಯಿತು. ಸೀಗವ್ವ ತಿರುಗಿದ್ದಳು. ಕಾಯಲು ತನ್ನದೊಂದು ಕರುವೂ ಉಳಿಯದ ಸೀಗವ್ವ, ಹೊರಗೆ ಮುಖ ಮಾಡಿ ನಿಂತಿದ್ದಳು.

"ಥೂ," ಎಂದ ಕೊರಡಯ್ಯ. ಬಿಸಿ ಉಸಿರು ಬೆನ್ನಿನಿಂದ ದೂರವಾಯಿತು. ಅವನೂ ತಿರುಗಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಎಲ್ಲರಿಗಿಂತ ಕೊನೆಗೆ ಡೊಳ್ಳಯ್ಯ. ಅವನು ತಿರುಗುವಷ್ಟರಲ್ಲಿ ಅವನ ಅರ್ಧ ಬಾಲ ಸೀಳುನಾಯಿಯ ಬಾಯಲ್ಲಿತ್ತು.

ನರಿಗೆ ನಿಂತ ನೆಲ ಬಿಸಿಯಾಯಿತು. ಹೊರಗಿನವರಿಗೆ ಏನಾದರೂ ಕೊಡಬೇಕು, ಇಲ್ಲದಿದ್ದರೆ ತನಗೆ ಉಳಿಗಾಲವಿಲ್ಲ. "ಬಾ ಮಗು, ಅಮ್ಮ ಕರೀತಿದ್ದಾಳೆ," ಎಂದು ಕೆಂಚಿಯನ್ನು ಮೂತಿಯಿಂದ ಚುಕ್ಕವ್ವನ ಕಾಲ ಸಂದಿನ ಕಡೆ ತಳ್ಳಿದ. ಅವನು ಒಂದನ್ನು ಮರೆತಿದ್ದ. ಕೊಂಬು ಹೊರಗಿದ್ದರೆ ಹಿಂಗಾಲು ಒಳಗಿರುತ್ತದೆ. ಚುಕ್ಕವ್ವ ತಿರುಗಿಯೂ ನೋಡದೆ ಒದ್ದಳು. ನರಿ ಕೋಟೆಯ ಮೇಲಿಂದ ಹಾರಿ ಮಂಜಿನೊಳಗೆ ಬಿದ್ದ.

"ನಾನು, ನಾನು, ನಿಮ್ಮವನು," ಎಂಬ ದನಿ ಕೇಳಿತು.

"ಕೊಂಬೆಲ್ಲ ಒಳಗಿರುತ್ತೆ ಅಂದಿದ್ದೆಯಲ್ಲ," ಎಂದಿತು ಒಂದು ಸೀಳುನಾಯಿ. "ನಿನ್ನ ಸುದ್ದಿ ಸುಳ್ಳಾಯ್ತು."

"ಸೀಳುನಾಯಿ, ಸೀಳುನಾಯಿ," ಎಂದು ನರಿ ಹಿಂಡಿನ ಕಡೆಗೆ ಕೂಗಿದ. ಅವನು ತಂದ ಸುದ್ದಿಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ. ಯಾರೂ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೂಗು ನಿಂತಿತು. ಮಂಜು ಕರಗುವವರೆಗೂ ಹಿಂಡು ಹಾಗೇ ನಿಂತಿತ್ತು, ಹೊರಗಿನದನ್ನು ನೋಡುತ್ತಾ.

ಜಗಳ ಅಲ್ಲಿಗೆ ಮುಗಿಯಿತು ಎಂದರೆ ನೀವೂ ನಂಬಬಾರದು. ಮೊಂಡು ಬಾಲದ ಡೊಳ್ಳಯ್ಯ ಆಮೇಲೂ ಗುಡ್ಡದ ಮಾತೆತ್ತುತ್ತಿದ್ದ. ಕೊರಡಯ್ಯ, "ನೊಣ ಓಡಿಸ್ಕೋ ಮೊದಲು," ಎನ್ನುತ್ತಿದ್ದ. ಕಾಜಾಣವೂ ಚಾಳಿ ಬಿಡಲಿಲ್ಲ. ಒಮ್ಮೊಮ್ಮೆ ಬರೀ ಮಿಡತೆಗಾಗಿ ಶಿಳ್ಳೆ ಹೊಡೆಯುತ್ತಿತ್ತು. ಆಗ ಚುಕ್ಕವ್ವ, ಸೀಗವ್ವ ಇಬ್ಬರೂ ಮೇವು ಬಿಟ್ಟು, ಗಾಳಿ ಬರುವ ಕಡೆಗೆ ಮೂಗು ಎತ್ತುತ್ತಿದ್ದರು. ಏನೂ ಇಲ್ಲದಿದ್ದರೆ ಮರದ ಕಡೆ ನೋಡಿ ಒಂದು ಉಸಿರು ಬಿಡುತ್ತಿದ್ದರು.

ಏನಾದರೂ ಇದ್ದರೆ ಕಾಲು ಬಡಿಯುತ್ತಿದ್ದರು. ಪ್ರತಿ ಸಲ ಬೆನ್ನು ತಿರುಗಿಸಿ ನಿಂತಾಗಲೂ ಚುಕ್ಕವ್ವನ ಬೆನ್ನು ಒಂದು ಕ್ಷಣ ಜುಮ್ಮೆನ್ನುತ್ತಿತ್ತು. ಆದರೂ ಅವಳು ಹಿಂತಿರುಗಿ ನೋಡುತ್ತಿರಲಿಲ್ಲ.

ನೀತಿ: ತಮ್ಮವರ ಮೇಲೇ ಕೊಂಬು ತಿರುಗಿಸಿಕೊಂಡವರನ್ನು ಹಗೆ ಸುಲಭವಾಗಿ ತಿನ್ನುತ್ತದೆ, ಸುದ್ದಿಯನ್ನು ಕಣ್ಣು ಮುಚ್ಚಿ ನಂಬಲೂಬೇಡಿ, ಕಿವಿ ಮುಚ್ಚಿ ತಳ್ಳಲೂಬೇಡಿ, ಕೇಳಿಸಿಕೊಂಡು ನೀವೇ ಪರೀಕ್ಷೆ ಮಾಡಿ.