ಬೆಳಗೂಡಿನ ಬಾಯಿಪದದ ಓಬಳ

ಬೆಳಗೂಡಿನಲ್ಲಿ ನಮ್ಮ ಮನೆತನವನ್ನು ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಆದರೂ ಈ ಸಭೆಯಲ್ಲಿ ಹೊರಗಿನಿಂದ ಬಂದವರು ಕೆಲವರಿದ್ದಾರೆ, ಅವರಿಗಾಗಿ ಹೇಳುತ್ತೇನೆ. ನಾವು ಭರಮಗೌಡರ ಮನೆಯವರು. ಊರಿನ ಸಿಹಿನೀರಿನ ಬಾವಿ ತೋಡಿಸಿದವರು ನಮ್ಮವರು. ಶಾಲೆಗೆ ಜಾಗ ಬಿಟ್ಟವರು ನಮ್ಮವರು. ನಾವೆಲ್ಲ ಈಗ ಕೂತಿರುವ ಈ ಚಾವಡಿಯನ್ನು ಕಟ್ಟಿಸಿದವರೂ ನಮ್ಮ ಹಿರಿಯರೇ. ನಮ್ಮ ಮನೆಯವರು ಕೊಟ್ಟ ಮಾತಿಗೆ ತಪ್ಪಿದರು ಎಂದು ಇದುವರೆಗೆ ಯಾರೂ ಹೇಳಿಲ್ಲ. ನನ್ನನ್ನು ಪಟ್ಟಣದ ಕಾನ್ವೆಂಟಿಗೆ ಬಿಟ್ಟು ಬರುವಾಗ ನಮ್ಮ ತಂದೆಯವರು ಹೇಳಿದ್ದು ಒಂದೇ ಮಾತು: ನೆಟ್ಟಗೆ ಕೂತುಕೋ, ನೆಟ್ಟಗೆ ಮಾತಾಡು. ಉಳಿದದ್ದನ್ನು ಸಿಸ್ಟರ್ ಬೆನಿಗ್ನಾ ಅಡಿಕೋಲು ಹಿಡಿದು ಕಲಿಸಿದರು. ಇದನ್ನೆಲ್ಲ ಹೇಳಿದ್ದು ದೊಡ್ಡಸ್ತಿಕೆಗಲ್ಲ. ತಿಳಿಯದ ವಿಷಯಕ್ಕೆ ನಾನು ಬಾಯಿ ಹಾಕುವವಳಲ್ಲ ಎಂಬುದು ನಿಮಗೆ ಗೊತ್ತಿರಲಿ ಎಂದು.

ಕಳೆದ ಭಾನುವಾರ ಇದೇ ಚಾವಡಿಯಲ್ಲಿ ಸಂಗೀತ ಸಭೆಯ ಬೈಠಕ್ ನಡೆಯಿತು. ಚಾವಡಿಗೆ ಬಾಯಿಪದದ ಓಬಳನ ಹೆಸರು ಇಡಬೇಕೆಂದು ಕೆಲವರು ಕೇಳಿದರು. ಆಗ ಕಾರ್ಯದರ್ಶಿ ನಾಗಭೂಷಣ ಅವರು ಎದ್ದು, "ಓಬಳನಿಗೆ ಶ್ರುತಿ ಗೊತ್ತಿರಲಿಲ್ಲ, ರಾಗ ಗೊತ್ತಿರಲಿಲ್ಲ. ಈಗಿನ ರ್ಯಾಪ್ ಹುಡುಗರ ಹಾಗೆ ಬಾಯಿ ಬಡಿದುಕೊಂಡು ಸತ್ತವನು. ಅವನ ಹೆಸರು ಇಟ್ಟರೆ ನಮ್ಮ ಸಭೆಯ ಮರ್ಯಾದೆ ಏನು?" ಎಂದರು. ಹಿಂದಿನ ಸಾಲಿನಲ್ಲಿ ಗಾರೆಕೇರಿಯವರು ಕೂತಿದ್ದರು. ಅವರೆಲ್ಲ ಓಬಳನ ವಂಶದವರು, ಅವನ ಜೊತೆ ಕೆಲಸ ಮಾಡಿದವರ ವಂಶದವರು. ಅವರು ಕಾಫಿಯನ್ನೂ ಮುಟ್ಟದೆ ಎದ್ದುಹೋದರು. ನಾನೇ ಅವರ ಕೇರಿಗೆ ಹೋಗಿ, ಕೈಹಿಡಿದು ಇವತ್ತು ಕರೆದುಕೊಂಡು ಬಂದಿದ್ದೇನೆ. ಕಾರ್ಯದರ್ಶಿಗಳೂ ಮುಂದಿನ ಸಾಲಿನಲ್ಲೇ ಇದ್ದಾರೆ. ಒಳ್ಳೆಯದಾಯಿತು. ಮಕ್ಕಳೇ, ಗೋಡೆಗೆ ಒರಗಬೇಡಿ, ಬೆನ್ನು ನೇರ ಮಾಡಿ. ಹೇಳುತ್ತೇನೆ.

ಬಹಳ ಹಿಂದೆ, ಇಸವಿ ಹೇಳಬಲ್ಲವರು ಒಬ್ಬರೂ ಉಳಿಯದಷ್ಟು ಹಿಂದೆ, ಸುಣ್ಣ ಸುಡುವ ಗೂಡುಗಳ ಹೊಗೆ ಏಳುತ್ತಿದ್ದ ಒಂದು ಊರಿತ್ತು. ಅದು ಇದೇ ಊರು. ಇಲ್ಲಿಯ ಸುಣ್ಣ ಹಾಲಿನ ಕೆನೆಯ ಹಾಗಿತ್ತು ಎನ್ನುತ್ತಾರೆ. ಇಲ್ಲಿಯ ಗಾರೆ ಕೆಲಸದವರನ್ನು ದೂರದ ಊರಿನವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು ಎನ್ನುತ್ತಾರೆ. ಆಗಿನ ತಾರಸಿ ಈಗಿನ ಹಾಗೆ ಒಂದು ದಿನದಲ್ಲಿ ಆಗುತ್ತಿರಲಿಲ್ಲ. ಸುಣ್ಣ, ಮರಳು, ಇಟ್ಟಿಗೆ ಚೂರು ಕಲಸಿ ಮೇಲೆ ಹಾಸಬೇಕು. ಬೆಲ್ಲದ ನೀರು ಚಿಮುಕಿಸಬೇಕು. ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಎಲ್ಲರ ಕೊಡತಿಯೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು. ಪೆಟ್ಟು ಚೆದುರಿದರೆ ಗಾರೆ ಒಳಗೇ ಬಿರುಕು ಬಿಡುತ್ತದೆ. ನಡುವೆ ಕೈಬಿಟ್ಟರೆ ಹಾಸಿದ್ದೆಲ್ಲ ಒಣಗಿ ಹಾಳಾಗುತ್ತದೆ. ಆದ್ದರಿಂದ ತಾರಸಿಯ ಮೇಲೆ ಒಬ್ಬರು ಹಾಡಬೇಕು, ಆ ಹಾಡಿಗೆ ಉಳಿದವರು ಬಡಿಯಬೇಕು.

ಆ ಕಾಲಕ್ಕೆ ಹಾಡುತ್ತಿದ್ದವಳು ಬೊಮ್ಮಕ್ಕ. ಅವಳ ದನಿಗೆ ದಾರಿಯಲ್ಲಿ ಹೋಗುವ ಎತ್ತುಗಳು ನಿಲ್ಲುತ್ತಿದ್ದವು ಎನ್ನುತ್ತಾರೆ. ಎತ್ತುಗಳ ವಿಷಯ ನನಗೆ ತಿಳಿಯದು. ಗಾಡಿ ಹೊಡೆಯುವವರು ನಿಲ್ಲುತ್ತಿದ್ದರು ಎಂಬುದನ್ನು ನಂಬುತ್ತೇನೆ.

ಓಬಳ ಅದೇ ಗುಂಪಿನ ಒಬ್ಬಾಕೆಯ ಮಗ. ಅವಳು ಬಡಿಯುವಾಗ ಮಗುವನ್ನು ಕೆಳಗೆ ತೊಲೆಗೆ ಸೀರೆ ಕಟ್ಟಿ ಮಲಗಿಸುತ್ತಿದ್ದಳು. ತಲೆಯ ಮೇಲೆ ಹಗಲೆಲ್ಲ ಕೊಡತಿಯ ಸದ್ದು. ಆ ಸದ್ದೇ ಅವನ ಮೈಗೆ ಇಳಿಯಿತು ಎನ್ನುತ್ತಾರೆ. ಬೆಳೆದ ಮೇಲೆ ಅವನ ಗಂಟಲು ಕಾಗೆಯ ಗಂಟಲಾಯಿತು. ಒಂದು ಸಾಲು ಇಂಪಾಗಿ ಹಾಡಲು ಬಾರದು. ಆದರೆ ಮಾತು? ಕೊಡತಿಯ ಪೆಟ್ಟಿನ ಮೇಲೆ ಮಾತು ಕೂರಿಸುತ್ತಿದ್ದ. ಎರಡು ಪೆಟ್ಟಿನ ನಡುವೆ ಆರು ಮಾತು ತುರುಕಿ, ಏಳನೆಯದನ್ನು ಸರಿಯಾಗಿ ಪೆಟ್ಟಿನ ಮೇಲೇ ಇಳಿಸುತ್ತಿದ್ದ. ಅದನ್ನು ಜನ ಹಾಡು ಎನ್ನಲಿಲ್ಲ, ಬಾಯಿಪದ ಎಂದರು.

ಜಂಬ ಮಾತ್ರ ಹೇಳತೀರದು. ತನ್ನ ಸಮಾನ ಯಾರೂ ಇಲ್ಲ ಎಂದು ತಾನೇ ಪದ ಕಟ್ಟಿ ಹೇಳಿಕೊಳ್ಳುತ್ತಿದ್ದ. ಊರಿನ ಯಾರನ್ನೂ ಬಿಡುತ್ತಿರಲಿಲ್ಲ. ನಮ್ಮ ಹಿರಿಯರಾದ ಭರಮಗೌಡರನ್ನೂ ಬಿಡಲಿಲ್ಲ. ಅವರ ಹೊಸ ಮನೆಯ ಮೇಲೆ ಕೂತುಕೊಂಡೇ, ಅವರು ಕೆಳಗೆ ನಿಂತಿರುವಾಗಲೇ ಹೇಳಿದನಂತೆ:

ಹೊಡಿ ಅಕ್ಕ, ಬಡಿ ಅಕ್ಕ, ಹದಕ್ಕೆ ಬರಲಿ ಗಾರೆ,
ಗೌಡ್ರ ಮೀಸೆ ನೆಟ್ಟಗೈತೆ, ಗೋಡೆ ಮಾತ್ರ ವಾರೆ!

ಹೆಂಗಸರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರಂತೆ. ಗೌಡರು ಮೀಸೆಯನ್ನೂ ಮುಟ್ಟಲಿಲ್ಲ, ಓಬಳನನ್ನೂ ಬೈಯಲಿಲ್ಲ. ತೂಗುಗುಂಡು ತರಿಸಿ ಅಂಗಳದ ಗೋಡೆಗೆ ಹಿಡಿಸಿದರು. ಗೋಡೆ ವಾರೆಯಾಗಿಯೇ ಇತ್ತು. ಕೆಡವಿ ಕಟ್ಟಿಸಿದರು. ನೀವು ನಗಬಹುದು, ನನಗೆ ಅದರಲ್ಲಿ ನಾಚಿಕೆಯಿಲ್ಲ. ನಮ್ಮ ಮನೆಯಲ್ಲಿ ಈಗಲೂ ಮಕ್ಕಳಿಗೆ ಈ ಪದವನ್ನು ಹೇಳಿಕೊಡುತ್ತೇವೆ.

"ಅಜ್ಜಿ, ಇದೇ ರ್ಯಾಪ್! ಹಿಂಗೇ ಇರುತ್ತೆ, ಜಂಬ, ಕಾಲೆಳೆಯೋದು, ಎಲ್ಲಾ," ಎಂದು ನನ್ನ ಮೊಮ್ಮಗಳು ಸಂಹಿತಾ ಅಲ್ಲಿಂದಲೇ ಕೂಗುತ್ತಿದ್ದಾಳೆ. ಸಭೆಯಲ್ಲಿ ಕೂಗಬಾರದು ಎಂದು ಹೇಳಿದ್ದೆ. ಆದರೆ ಅವಳು ಹೇಳುವುದು ಸರಿ. ಓಬಳ ನಮ್ಮ ಊರಿನ ರ್ಯಾಪರ್. ಆ ಪದ ನನ್ನ ನಾಲಿಗೆಗೆ ಒಗ್ಗುವುದಿಲ್ಲ, ಆದರೂ ಅದು ಬೈಗುಳವಲ್ಲ ಎಂದು ಅವಳಿಂದ ತಿಳಿದುಕೊಂಡೆ. ಬೈಗುಳವೆಂದು ಬಳಸಿದವರೂ ತಿಳಿದುಕೊಳ್ಳಲಿ.

ಈಗ ಬೊಮ್ಮಕ್ಕನ ವಿಷಯ. ಓಬಳನಿಗೆ ಇಡೀ ಊರು ಶಹಬ್ಬಾಸ್ ಎಂದರೂ ಸಾಲದು, ಬೊಮ್ಮಕ್ಕ ಒಮ್ಮೆ ಹ್ಞೂಂ ಎನ್ನಬೇಕು. ಅವಳು ಅನ್ನುತ್ತಿರಲಿಲ್ಲ.

"ಲೇ ಓಬಳ, ಹಾಡು ಅಂದ್ರೆ ಹಾಲು ಕಾದಂಗಿರ್ಬೇಕು ಕಣೋ. ನಿಂದು ಕಡ್ಲೆ ಹುರಿದಂಗೈತೆ," ಎನ್ನುತ್ತಿದ್ದಳು.

"ಹಾಲು ಕುಡಿದೋರು ಮಲಗ್ತಾರೆ ಬೊಮ್ಮಕ್ಕ. ಕಡ್ಲೆ ತಿಂದೋರು ಕೆಲಸ ಮಾಡ್ತಾರೆ," ಎನ್ನುತ್ತಿದ್ದ ಅವನು.

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಸಂಜೆ ಒಬ್ಬನೇ ಸುಣ್ಣದ ಗೂಡಿನ ಹತ್ತಿರ ಕೂತು, "ನಂದೂ ಹಾಡೇ ಅಲ್ವಾ?" ಎಂದು ಹೋಗುವವರನ್ನೂ ಬರುವವರನ್ನೂ ಕೇಳುತ್ತಿದ್ದ ಎನ್ನುತ್ತಾರೆ.

ಬೊಮ್ಮಕ್ಕನಿಗೆ ಒಬ್ಬಳೇ ಮಗಳು, ಕೆಂಚಿ. ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಾರಸಿಗೆಂದು ಇಟ್ಟ ಬೆಲ್ಲವನ್ನು ಕದ್ದು ಬಾಯಿಗೆ ಹಾಕಿಕೊಂಡು ಏಣಿ ಹತ್ತಿ ಕೂರುವುದು ಅವಳ ಕೆಲಸ. ಬೈದರೆ ಬಾಯಿ ತುಂಬಿರುವುದರಿಂದ ಉತ್ತರ ಕೊಡಲು ಬಾರದು, ಕಣ್ಣಲ್ಲೇ ನಗುತ್ತಿದ್ದಳು. ಓಬಳ ಅವಳ ಮೇಲೆ ದಿನಕ್ಕೊಂದು ಪದ ಕಟ್ಟುತ್ತಿದ್ದ.

ಈ ಚಾವಡಿಯ ತಾರಸಿ ಹಾಸಿದ್ದು ಅವಳು ಹಾಗೆ ಏಣಿ ಹತ್ತುತ್ತಿದ್ದ ವರ್ಷವೇ. ಬಡಿಯುವ ಕೆಲಸ ಅರ್ಧಕ್ಕೆ ಬಂದಿತ್ತು. ಕೆಂಚಿಗೆ ಜ್ವರ ಬಂತು. ಮದ್ದು ಮಾಡಿದರು, ಹರಕೆ ಹೊತ್ತರು. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬೊಮ್ಮಕ್ಕ ಮನೆಗೆ ಹೋಗಲಿಲ್ಲ. ಇಗೋ, ಈ ಚಾವಡಿಯ ಒಳಗೆ, ಏಣಿ ಒರಗಿಸಿದ್ದ ಜಾಗದಲ್ಲಿ ಬಂದು ಕೂತಳು. ಅಳಲಿಲ್ಲ. ಕರೆದರೆ ತಿರುಗಲಿಲ್ಲ. ಗಂಜಿ ಕೊಟ್ಟರೆ ಬಾಯಿ ತೆರೆಯಲಿಲ್ಲ. ಮರುದಿನವೂ ಹಾಗೆಯೇ. ಹೆಂಗಸರು ಹೆದರಿದರು. ಇವಳೂ ಮಗಳ ಹಿಂದೆಯೇ ಹೋಗುತ್ತಾಳೆ ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಮೇಲೆ ಗಾರೆ ಒಣಗುತ್ತಿತ್ತು. ಹತ್ತಿ ಕೂತು ಕೊಡತಿ ಎತ್ತಿದರೂ ಹಾಡುವವರಿಲ್ಲ, ಪೆಟ್ಟು ಚೆದುರುತ್ತಿತ್ತು. ಭರಮಗೌಡರು ಬಂದು, ತಾರಸಿ ಹಾಳಾದರೆ ಇನ್ನೊಂದು ಹಾಸಬಹುದು, ಆ ತಾಯಿಯನ್ನು ಏಳಿಸಿ ಎಂದು ಹೇಳಿ ಹೋದರಂತೆ. ಇದನ್ನು ನಮ್ಮ ಮನೆಯವರು ಮಾತ್ರ ಹೇಳುವುದಲ್ಲ, ಗಾರೆಕೇರಿಯವರೂ ಹೇಳುತ್ತಾರೆ.

ಯಾರೋ ಒಬ್ಬಾಕೆ ಅಳುವ ಹಾಡು ಹಾಡಿದಳು. ಹಾಡು ಚೆನ್ನಾಗಿತ್ತು. ಎಲ್ಲರೂ ಅತ್ತರು. ಬೊಮ್ಮಕ್ಕ ಇನ್ನಷ್ಟು ಕುಗ್ಗಿದಳು.

ಆಗ ಓಬಳ ಮೇಲೆ ಹತ್ತಿದ. ಬಡಿಯಿರಿ ಎಂದ. ಹೆಂಗಸರು, ಸಾವಾಗಿದೆ ಕಣೋ, ನಿನ್ನ ಕಡಲೆ ಹುರಿಯುವ ಹೊತ್ತಲ್ಲ ಎಂದು ಗದರಿದರು. ಅವನು ಕೇಳಲಿಲ್ಲ. ತಾನೇ ಒಂದು ಕೊಡತಿ ಹಿಡಿದು ಬಡಿಯತೊಡಗಿದ. ಪೆಟ್ಟಿಗೆ ಸರಿಯಾಗಿ ಹೇಳತೊಡಗಿದ:

ಬೆಲ್ಲ ಎಲ್ಲೈತೆ? ಕೆಂಚಿ ಬಾಯಾಗೈತೆ.
ಕೆಂಚಿ ಎಲ್ಲವ್ಳೆ? ಏಣಿ ಮ್ಯಾಲವ್ಳೆ.
ಏಣಿ ಎಲ್ಲೈತೆ? ಗೋಡೆ ಮಗ್ಗುಲೈತೆ.
ಅವ್ವ ಎಲ್ಲವ್ಳೆ?

ಅಲ್ಲಿ ನಿಲ್ಲಿಸಿದ. ಉತ್ತರ ಹೇಳಲಿಲ್ಲ. ಆ ಜಾಗದಲ್ಲಿ ಬರೀ ಕೊಡತಿ ಬಿತ್ತು. ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಅಲ್ಲೇ ನಿಲ್ಲಿಸಿದ. ಕೆಂಚಿಯ ತುಂಟತನಗಳನ್ನೆಲ್ಲ ಒಂದೊಂದಾಗಿ ಸೇರಿಸಿದ. ಗೌಡರ ಪೇಟದೊಳಗೆ ಕಡಲೆಪುರಿ ಬಚ್ಚಿಟ್ಟದ್ದು, ಬೆಕ್ಕಿಗೆ ಸುಣ್ಣ ಬಳಿದು ಮೊಲ ಎಂದದ್ದು, ಎಲ್ಲ ಬಂತು. ಹೆಂಗಸರಲ್ಲಿ ಒಬ್ಬಳಿಗೆ ಅಳುವಿನ ನಡುವೆ ನಗು ಬಂತು. ಅವಳು ಕೊಡತಿ ಎತ್ತಿದಳು. ಪಕ್ಕದವಳು ಎತ್ತಿದಳು. ಸಾಲೆಲ್ಲ ಎತ್ತಿತು. ಆದರೆ ಪ್ರತಿ ಸಲವೂ ಕೊನೆಗೆ ಅದೇ ಪ್ರಶ್ನೆ, ಅದೇ ಬರಿದಾದ ಪೆಟ್ಟು. ಅವ್ವ ಎಲ್ಲವ್ಳೆ?

ಮೂರು ಹಗಲು ಮೂರು ರಾತ್ರಿ ಹೇಳಿದ ಎನ್ನುತ್ತಾರೆ. ಅದು ಆಗದ ಮಾತು, ಮನುಷ್ಯನ ಗಂಟಲಿಗೆ ಒಂದು ಮಿತಿಯಿದೆ. ಹೊತ್ತು ಇಳಿಯುವವರೆಗೆ ಹೇಳಿರಬೇಕು. ಅಷ್ಟೇ ಸಾಕು. ಬಿಸಿಲು ಕೆಂಪಾಗುವ ಹೊತ್ತಿಗೆ, ಅವನು ಇನ್ನೊಂದು ಸಲ ಕೇಳಿ ನಿಲ್ಲಿಸಿದಾಗ, ಕೆಳಗಿನಿಂದ ಒಂದು ದನಿ ಬಂತು.

"ಇಲ್ಲೇ ಅವ್ಳೆ."

ಪೆಟ್ಟಿಗೆ ಸರಿಯಾಗಿ ಬಂತು. ಬೊಮ್ಮಕ್ಕ ಏಣಿ ಹಿಡಿದು ಎದ್ದಳು. ಒಂದೊಂದೇ ಮೆಟ್ಟಿಲು ಹತ್ತಿದಳು. ತನ್ನ ಜಾಗದಲ್ಲಿ ಕೂತು ಕೊಡತಿ ತೆಗೆದುಕೊಂಡಳು. ಆಮೇಲೆ ಅತ್ತಳು. ಬಡಿಯುತ್ತಾ ಅತ್ತಳು. ಗಾರೆ ಹದಕ್ಕೆ ಬಂತು. ಈ ತಾರಸಿಯಿಂದ ಒಂದು ಹನಿ ಕೆಳಗೆ ಬಿದ್ದದ್ದನ್ನು ನಾನು ನೋಡಿಲ್ಲ, ನನ್ನ ತಂದೆಯವರೂ ನೋಡಿರಲಿಲ್ಲ.

ಏನೋ ಹೇಳುತ್ತಿದ್ದೀರಿ, ನಾಗಭೂಷಣ ಅವರೇ? ಗಟ್ಟಿಯಾಗಿ ಹೇಳಿ.

"ಅಲ್ಲ ಅಮ್ಮಾವ್ರೇ, ಕಥೆ ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು. ಆದ್ರೆ ಅದು ಕರುಣೆ. ಸಂಗೀತ ಎಲ್ಲಿ ಬಂತು?"

ಅದನ್ನೇ ಹೇಳಹೊರಟೆ. ನಾನು ಓದುವಾಗ ನಿಲ್ಲಬೇಕಾದಲ್ಲಿ ನಿಲ್ಲದೆ ಓಡಿದರೆ ಸಿಸ್ಟರ್ ಬೆನಿಗ್ನಾ ಬೆರಳ ಗೆಣ್ಣಿನ ಮೇಲೆ ಅಡಿಕೋಲು ಇಳಿಸುತ್ತಿದ್ದರು. ಬಾಯಿ ತುಂಬಿಸುವುದು ಎಲ್ಲರಿಗೂ ಬರುತ್ತದೆ, ಎಲ್ಲಿ ಬಾಯಿ ಮುಚ್ಚಬೇಕು ಎಂಬುದು ಕಲಿತವರಿಗೆ ಮಾತ್ರ ಬರುತ್ತದೆ ಎನ್ನುತ್ತಿದ್ದರು. ಎರಡು ಪೆಟ್ಟಿನ ನಡುವೆ ಆರು ಮಾತು ತುರುಕಬಲ್ಲ ಓಬಳ ಅಂದು ಒಂದು ಪೆಟ್ಟನ್ನು ಖಾಲಿ ಬಿಟ್ಟ. ಉತ್ತರ ಅವನಿಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಜಂಬದವನು, ಮಾತಿನ ಆಸೆಯವನು, ಆದರೂ ಹಗಲೆಲ್ಲ ಆ ಜಾಗವನ್ನು ಇನ್ನೊಬ್ಬರಿಗಾಗಿ ಕಾದಿಟ್ಟ. ಒಂದೇ ಒಂದು ಸಲವೂ ಅಲ್ಲಿ ತಪ್ಪಿ ಮಾತು ಬೀಳಲಿಲ್ಲ. ತಾಳದ ಮೇಲೆ ಅಷ್ಟು ಹಿಡಿತವಿರುವುದಕ್ಕೆ ನಿಮ್ಮ ಸಭೆಯಲ್ಲಿ ಏನೆನ್ನುತ್ತೀರಿ? ನಾನು ವಿದ್ಯೆ ಎನ್ನುತ್ತೇನೆ.

ಕೆಲವು ದಿನಗಳ ಮೇಲೆ ಓಬಳ ಬೊಮ್ಮಕ್ಕನನ್ನು ಕೇಳಿದನಂತೆ, ಈಗಲಾದರೂ ಹೇಳು, ನನ್ನದು ಹಾಡು ಹೌದೋ ಅಲ್ಲವೋ ಎಂದು. ಅವಳು ಹೇಳಿದಳಂತೆ:

"ಹಾಡಲ್ಲ ಕಣಪ್ಪ. ಹಾಡಾಗಿದ್ರೆ ನಾನಿನ್ನೂ ಕೆಳಗೇ ಕೂತಿರ್ತಿದ್ದೆ."

ಓಬಳ ಅದನ್ನು ಕೇಳಿ ಕೊಡತಿ ಎತ್ತಿಕೊಂಡು ಕೆಲಸಕ್ಕೆ ಹೋದ ಎನ್ನುತ್ತಾರೆ. ಆಮೇಲೆ ಯಾರನ್ನೂ ಆ ಪ್ರಶ್ನೆ ಕೇಳಲಿಲ್ಲ.

ಕಾಲ ಕಳೆಯಿತು. ಸುಣ್ಣದ ಧೂಳು ಅವನ ಎದೆಯನ್ನು ತಿಂದಿತು. ಗಂಟಲು ಹೋಯಿತು. ಹೊಸಬರು ಅವನ ಪದ ಹೇಳಿದರೆ ಮಂಚದ ಮೇಲಿಂದಲೇ ಬೆರಳು ಬಡಿದು ತಿದ್ದುತ್ತಿದ್ದ. ತಪ್ಪಿದರೆ ಮುಖ ಆಚೆ ತಿರುಗಿಸುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಬೆರಳು ನಿಂತಿತು. ಹಾಡುವವರು ಬಂದರು, ಭಜನೆಯವರು ಬಂದರು. ಮುದುಕಿಯಾಗಿದ್ದ ಬೊಮ್ಮಕ್ಕ ಎಲ್ಲರನ್ನೂ ಕೈಸನ್ನೆ ಮಾಡಿ ಸುಮ್ಮನಿರಿಸಿದಳು. ಮಂಚದ ಕಾಲಿಗೆ ಕೊಡತಿಯಿಂದ ಮೆಲ್ಲಗೆ ಬಡಿದು, "ಓಬಳ ಎಲ್ಲವ್ನೆ?" ಎಂದು ಕೇಳಿ, ಒಂದು ಪೆಟ್ಟು ಖಾಲಿ ಬಿಟ್ಟಳು. ನೆರೆದ ಕೇರಿಯೆಲ್ಲ ಒಟ್ಟಿಗೆ ಹೇಳಿತು, ಇಲ್ಲೇ ಅವ್ನೆ ಎಂದು. ಹಾಗಂತ ಹೇಳುತ್ತಾರೆ. ಇದನ್ನು ಮಾತ್ರ ನಾನು ಅಕ್ಷರಕ್ಕೆ ಅಕ್ಷರ ನಂಬುತ್ತೇನೆ.

ಈಗ ಗಾರೆಯ ತಾರಸಿ ಯಾರೂ ಹಾಸುವುದಿಲ್ಲ. ಸೆಂಟ್ರಿಂಗ್ ಕಟ್ಟುತ್ತಾರೆ, ಒಂದೇ ದಿನದಲ್ಲಿ ಕಾಂಕ್ರೀಟಿನ ಮೋಲ್ಡ್ ಹಾಕುತ್ತಾರೆ. ಆದರೂ ಬೆಳಗೂಡಿನಲ್ಲಿ ಯಾರ ಮನೆಯ ಮೋಲ್ಡ್ ಆಗಲಿ, ಮೊದಲ ಬಾಂಡ್ಲಿ ಸುರಿಯುವ ಮೊದಲು ಮಿಕ್ಸರ್ ನಿಲ್ಲಿಸುತ್ತಾರೆ. ಗಾರೆಕೇರಿಯವರೊಬ್ಬರು ಮೇಲೆ ನಿಂತು ಮನೆಯ ಯಜಮಾನನನ್ನು ಆಡಿಕೊಂಡು ಒಂದು ಬಾಯಿಪದ ಹೇಳುತ್ತಾರೆ. ಯಜಮಾನ ಕೈಕಟ್ಟಿ ನಿಂತು ಕೇಳಬೇಕು, ಸಿಟ್ಟಾಗಬಾರದು. ಕೊನೆಗೆ "ಅವ್ವ ಎಲ್ಲವ್ಳೆ?" ಎಂದು ಕೇಳಿ ನಿಲ್ಲಿಸುತ್ತಾರೆ. ಕೆಳಗಿನಿಂದ ಆ ಮನೆಯ ಹೆಂಗಸು, ಅವಳು ಎಂಥ ದುಃಖದಲ್ಲಿರಲಿ, ಎಷ್ಟೇ ಹಿರಿಯಳಿರಲಿ, "ಇಲ್ಲೇ ಅವ್ಳೆ" ಎನ್ನಬೇಕು. ಆಮೇಲೆ ಅಲ್ಲಿರುವ ಮಕ್ಕಳ ಬಾಯಿಗೆಲ್ಲ ಬೆಲ್ಲ. ನನ್ನ ಯಜಮಾನರು ತೀರಿಕೊಂಡ ವರ್ಷ ನಮ್ಮ ಮನೆಯ ಮಹಡಿ ಆಯಿತು. ನಾನೂ ಕೆಳಗಿನಿಂದ ಹೇಳಿದ್ದೇನೆ. ಹೇಳಿದ ಮೇಲೆ ಊಟ ಮಾಡಿದ್ದೇನೆ.

ನಾಗಭೂಷಣ ಅವರೇ, ಹೆಸರಿನ ವಿಷಯವನ್ನು ಸಭೆ ಕೈ ಎತ್ತಿ ತೀರ್ಮಾನಿಸುತ್ತದೆ, ಅದು ಆಮೇಲೆ. ನೀವು ಕಳೆದ ಭಾನುವಾರ ಆಡಿದ ಮಾತನ್ನು ಗಾರೆಕೇರಿಯವರ ಎದುರಿಗೇ ಆಡಿದ್ದೀರಿ. ಅವರು ಹಿಂದಿನ ಸಾಲಿನಲ್ಲಿದ್ದಾರೆ. ಎದ್ದು ನಿಂತು, ಅವರ ಕಡೆಗೆ ತಿರುಗಿ, ಕ್ಷಮೆ ಕೇಳಿ.