ಇಲ್ಲಿ ಕಲಿತದ್ದು

ಕರದಂಟು ಮಾಡುವುದರಲ್ಲಿ ಯಮನಪ್ಪನನ್ನು ಮೀರಿಸುವವರು ಆ ಪೇಟೆಯಲ್ಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಅವನನ್ನು ಎದುರು ಓಣಿಯ ಮಿಠಾಯಿ ಅಂಗಡಿಯಿಂದ ಪುಸಲಾಯಿಸಿ ತಮ್ಮ ಅಂಗಡಿಗೆ ಕರೆತಂದವರು ಚನ್ನಮಲ್ಲ ಸಾವಕಾರರೇ. ಈಗ ಬೆಳಗಾವಿಯ ಕಂಪನಿಯೊಂದು ಅವನನ್ನು ಕೆಲಸಕ್ಕೆ ಕರೆದಾಗ ಮಾತ್ರ ಸಾವಕಾರರ ಪಿತ್ತ ನೆತ್ತಿಗೇರಿತು.

"ಇಲ್ಲಿ ಕಲ್ತದ್ದನ್ನೆಲ್ಲಾ ಇಲ್ಲೇ ಬಿಟ್ಟು ಹೋಗ್ತೀನಿ ಅಂತ ಬರದು ಕೊಡು. ಇಲ್ಲಂದ್ರ ಕೋರ್ಟಿಗೆ ಎಳಿತೀನಿ!"

"ಆತ್ರಿ," ಎಂದ ಯಮನಪ್ಪ. "ಆದ್ರ ತುಪ್ಪದಾಗ ಅಂಟು ಅರಳಸೋದು, ಬೆಲ್ಲದ ಪಾಕದ ಹದ ನೋಡೋದು, ಇವನ್ನ ನಾ ಹಳೇ ಅಂಗಡಿಯಿಂದ ತಂದದ್ದು. ಒಯ್ಯಬಹುದಲ್ರಿ?"

"ಒಯ್ಯೋ ಮಾರಾಯಾ! ಇಲ್ಲಿ ಕಲ್ತದ್ದಷ್ಟ ಬರಿ."

ಯಮನಪ್ಪ ಎರಡೇ ಸಾಲು ಬರೆದ. ಅಂಗಡಿ ತುಂಬ ಗಿರಾಕಿಗಳಿದ್ದರು. ಸಾವಕಾರರು ಚೀಟಿ ಕಸಿದುಕೊಂಡು, ಎಲ್ಲರಿಗೂ ಕೇಳಲೆಂದೇ ಗಟ್ಟಿಯಾಗಿ ಓದತೊಡಗಿದರು.

"ಇಲ್ಲಿ ನಾ ಕಲ್ತದ್ದು ಒಂದ. ಡಬ್ಬಿ ಮ್ಯಾಲೆ ಶುದ್ಧ ತುಪ್ಪ ಅಂತ ಬರದು, ಒಳಗ ವನಸ್ಪತಿ..."

ಸಾವಕಾರರು ಓದುವುದನ್ನು ಅಲ್ಲಿಗೇ ನಿಲ್ಲಿಸಿ ಚೀಟಿಯನ್ನು ಮುದುಡಿ ಕಿಸೆಗೆ ತುರುಕಿಕೊಂಡರು. ಗಿರಾಕಿಯೊಬ್ಬ ತಿನ್ನುತ್ತಿದ್ದ ತುಂಡನ್ನು ಮೂಸಿ ನೋಡಿದ.

ಯಮನಪ್ಪ ಭಕ್ತಿಯಿಂದ ಕೈಮುಗಿದ.

"ಅದನ್ನ ಇಲ್ಲೇ ಬಿಟ್ಟೀನ್ರಿ, ಸಾವಕಾರ್ರ. ಆಣಿ ಮಾಡಿ ಹೇಳ್ತೀನಿ, ಬ್ಯಾರೆ ಎಲ್ಲೂ ಮಾಡಂಗಿಲ್ಲ."