ತಿಮಿಂಗಿಲ ನೀರಿನ ಮೇಲೆ ಬಂದು ‘ಉಸ್’ ಎನ್ನುವುದೇಕೆ

ಸಮುದ್ರಕ್ಕೆ ಇನ್ನೂ ಉಪ್ಪಿನ ರುಚಿ ಸರಿಯಾಗಿ ಹತ್ತಿರಲಿಲ್ಲ ನೋಡು, ಆಗಿನ ಮಾತು ಇದು. ಎಲ್ಲವೂ ಹೊಸತು. ಯಾವ ಕಡೆ ನಡೆಯಬೇಕು ಅನ್ನುವುದೇ ತಿಳಿಯದೆ ಏಡಿ ಅಡ್ಡಡ್ಡ ಓಡಾಡುತ್ತಿತ್ತು. ಅದಕ್ಕೆ ಇವತ್ತಿಗೂ ತಿಳಿದಿಲ್ಲ, ಅದರ ಕಥೆ ಬಿಡು.

ಆಗ ಪೆಸಿಫಿಕ್ ಅನ್ನುವ ದೊಡ್ಡ ಸಾಗರದ ನಟ್ಟನಡುವೆ ಒಂದು ಬೆಟ್ಟ ತಲೆ ಎತ್ತಿ ನಿಂತಿತು. ಮೈತುಂಬ ಹಸಿರು ಕಾಡು, ಹೆಗಲ ಮೇಲೆ ಮೋಡ, ಕಾಲಬುಡದಲ್ಲಿ ಸುತ್ತಲೂ ಹವಳದ ಗೋಡೆ. ಗೋಡೆಯ ಒಳಗಿನ ನೀರು ಬಾಣಂತಿಗೆ ಕಾಯಿಸಿಟ್ಟ ನೀರಿನ ಹಾಗೆ ಬೆಚ್ಚಗಿತ್ತು.

ಅಲ್ಲಿಗೆ ಒಂದು ದಿನ ತುಂಬು ಬಸುರಿ ತಿಮಿಂಗಿಲಮ್ಮ ಬಂದಳು. ದಕ್ಷಿಣದ ಮಂಜಿನ ಸಮುದ್ರದಿಂದ ಈಜಿ ಈಜಿ ಸುಸ್ತಾಗಿದ್ದಳು ಪಾಪ.

“ಬೆಟ್ಟಪ್ಪಾ, ಇಲ್ಲಿ ನನಗೆ ಒಂದಿಷ್ಟು ಜಾಗ ಸಿಕ್ಕೀತೇ?” ಎಂದು ಕೇಳಿದಳು.

“ಒಂದಿಷ್ಟು ಏನು, ಬೇಕಾದಷ್ಟಿದೆ! ಇದೇ ನಿನ್ನ ತವರು ಅಂದುಕೋ ಮಗಳೇ. ಹೆರಿಗೆ, ಬಾಣಂತನ ಎಲ್ಲ ಇಲ್ಲೇ ಆಗಲಿ,” ಎಂದ ಬೆಟ್ಟಪ್ಪ.

ಕೂಸು ಹುಟ್ಟಿತು. ಕೂಸು ಅಂದರೆ ಏನೆಂದುಕೊಂಡೆ? ಎರಡು ಎತ್ತಿನ ಗಾತ್ರದ ಕೂಸು!

ತಿಮಿಂಗಿಲ ಮೀನಿನ ಹಾಗಲ್ಲ. ಉಸಿರಿಗೆ ಮೇಲೆ ಬರಲೇಬೇಕು. ಆದರೆ ಆ ಕಾಲದಲ್ಲಿ ತಿಮಿಂಗಿಲಗಳು ಸದ್ದೇ ಇಲ್ಲದೆ ಉಸಿರಾಡುತ್ತಿದ್ದವು. ತಿಮಿಂಗಿಲಮ್ಮ ಕೂಸಿಗೂ ಅದನ್ನೇ ಕಲಿಸಿದಳು.

“ಮೆಲ್ಲಗೆ ಮೇಲೆ ಹೋಗು, ಮೆಲ್ಲಗೆ ಉಸಿರು ತಗೋ, ಮೆಲ್ಲಗೆ ಕೆಳಗೆ ಬಾ. ಕಮಕ್ ಕಿಮಕ್ ಅನ್ನಬಾರದು. ಸದ್ದು ಕೇಳಿದರೆ ಶಾರ್ಕ್‌ಗಳು ಬರುತ್ತವೆ.”

ಒಂದು ಮಧ್ಯಾಹ್ನ ತಿಮಿಂಗಿಲಮ್ಮನಿಗೆ ತಳದಲ್ಲಿ ಗಾಢವಾದ ನಿದ್ದೆ ಹತ್ತಿತು. ಕೂಸು ಉಸಿರಿಗೆಂದು ಮೇಲೆ ಹೋಯಿತು. ಆಗಲೇ ಸಮುದ್ರ ಇಳಿಯುತ್ತಿತ್ತು. ಹವಳದ ಗೋಡೆಯಲ್ಲಿ ಒಂದೇ ಒಂದು ಸಂದು, ನೀರೆಲ್ಲ ಅದರೊಳಗೆ ನುಗ್ಗಿ ಹೊರಗೆ ಓಡುತ್ತಿತ್ತು. ಆ ಸೆಳವು ಕೂಸನ್ನೂ ಎಳೆದುಕೊಂಡು ಹೋಯಿತು. ಕೂಸು ಕೂಗಲಿಲ್ಲ. ಕೂಗಬಾರದು ಅಂತ ಅಮ್ಮ ಹೇಳಿದ್ದಳಲ್ಲ!

ತಿಮಿಂಗಿಲಮ್ಮ ಕಣ್ಣು ಬಿಟ್ಟು ನೋಡುತ್ತಾಳೆ, ಪಕ್ಕದಲ್ಲಿ ಕೂಸಿಲ್ಲ. ದಡಬಡಿಸಿ ಮೇಲೆ ಬಂದಳು.

“ಗಾಳಿರಾಯಾ, ನನ್ನ ಕೂಸನ್ನು ಕಂಡೆಯಾ?”

“ಸದ್ದೇ ಕೇಳಲಿಲ್ಲವಲ್ಲ ತಾಯಿ,” ಎಂದಿತು ಗಾಳಿ.

“ಹೊಳೆಯಮ್ಮಾ, ನನ್ನ ಕೂಸನ್ನು ಕಂಡೆಯಾ?”

“ಸದ್ದೇ ಕೇಳಲಿಲ್ಲವಲ್ಲ ತಾಯಿ,” ಎಂದಳು ಬೆಟ್ಟದಿಂದ ಇಳಿದು ಬರುತ್ತಿದ್ದ ಹೊಳೆ.

ಬೆಟ್ಟಪ್ಪನೂ ಅದನ್ನೇ ಹೇಳಿದ. ಅವನ ಮುಖ ಸಪ್ಪಗಾಯಿತು. ತವರಿಗೆ ಬಂದ ಮಗಳ ಕೂಸು ಕಳೆದುಹೋದರೆ ಯಾವ ಅಪ್ಪನಿಗೆ ತಡೆಯುತ್ತದೆ ಹೇಳು.

ಕೂಸಿಗೆ ಹಾಲಿನ ಹೊತ್ತು ಮೀರುತ್ತಿತ್ತು. ಹೊರಗಿನ ಸಮುದ್ರದಲ್ಲಿ ಶಾರ್ಕ್‌ಗಳು ಬೇರೆ. ತಿಮಿಂಗಿಲಮ್ಮ ಹುಚ್ಚು ಹಿಡಿದವಳ ಹಾಗೆ ಗೋಡೆಯುದ್ದಕ್ಕೂ ಅತ್ತಿಂದಿತ್ತ ಈಜಿದಳು.

ಅಲ್ಲೊಂದು ಪುಟ್ಟ ದೋಣಿ ತೇಲುತ್ತಿತ್ತು. ದೋಣಿಯಲ್ಲಿ ತೂಪಾ ಅನ್ನುವ ಮುದುಕಿ ಕೂತಿದ್ದಳು. ಅವಳ ಸೊಸೆ, ಮೇರೆ ಅನ್ನುವವಳು, ಚಿಪ್ಪು ಹೆಕ್ಕಲು ನೀರಿನಲ್ಲಿ ಮುಳುಗಿದ್ದಳು. ಆ ದ್ವೀಪದವರದ್ದು ಒಂದು ಪದ್ಧತಿ. ಮುಳುಗಿದವರು ಮೇಲೆ ಬಂದ ಕೂಡಲೇ ಎದೆಯಲ್ಲಿರುವ ಉಸಿರನ್ನೆಲ್ಲ ‘ಉಸ್!’ ಎಂದು ದೊಡ್ಡದಾಗಿ ಬಿಡಬೇಕು. ಚಿಪ್ಪು ತೋರಿಸುವುದು, ಕಥೆ ಹೇಳುವುದು ಎಲ್ಲ ಆಮೇಲೆ.

ಅಷ್ಟರಲ್ಲಿ ಮೇರೆ ಸದ್ದಿಲ್ಲದೆ ಮೇಲೆ ಬಂದು, ನಗುತ್ತಾ ಒಂದು ಚಿಪ್ಪು ಎತ್ತಿ ಹಿಡಿದಳು.

“ಬಾಯಿ ಬಿದ್ದುಹೋಗಿದೆಯೇನೇ ನಿನಗೆ?” ಎಂದು ತೂಪಾ ಗದರಿದಳು. “ಮೊದಲು ಉಸ್ ಅನ್ನು! ನೀನು ಬಂದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಕೂತು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೇನೆ!”

“ತಪ್ಪಾಯಿತು ಅತ್ತೆ,” ಎಂದು ಮೇರೆ ‘ಉಸ್!’ ಎಂದಳು. ತೂಪಾಳ ಮುಖ ಆಗ ಸಡಿಲವಾಯಿತು.

ಪಕ್ಕದಲ್ಲೇ ತಿಮಿಂಗಿಲಮ್ಮ ಸದ್ದಿಲ್ಲದೆ ತಲೆ ಎತ್ತಿದಳು. ದೋಣಿ ಗಡಗಡ ಅಲ್ಲಾಡಿತು.

“ಅಯ್ಯಯ್ಯೋ! ಇಷ್ಟು ದೊಡ್ಡ ಮೈ, ಬಂದದ್ದೇ ತಿಳಿಯಲಿಲ್ಲ!” ಎಂದಳು ತೂಪಾ.

“ಅಜ್ಜೀ, ನನ್ನ ಕೂಸನ್ನು ಕಂಡಿರಾ?” ಎಂದು ಕೇಳಿ ತಿಮಿಂಗಿಲಮ್ಮ ನಡೆದದ್ದನ್ನೆಲ್ಲ ಹೇಳಿ ಅತ್ತಳು.

“ಅಲ್ಲವೇ ಮಗಳೇ, ಅದೂ ಸುಮ್ಮನೆ, ನೀನೂ ಸುಮ್ಮನೆ. ಒಬ್ಬರಿಗೊಬ್ಬರು ಸಿಗುವುದು ಹೇಗೆ? ಉಸ್ ಅನ್ನು!”

“ಶಾರ್ಕ್‌ಗಳಿಗೆ ಕೇಳುತ್ತದಲ್ಲ ಅಜ್ಜೀ!”

“ಕೇಳಲಿ. ನಿನ್ನ ಕೂಸಿಗೂ ಕೇಳುತ್ತದೆ.”

ತಿಮಿಂಗಿಲಮ್ಮನಿಗೆ ಭಯ. ಆದರೂ ಕೂಸಿನ ಮುಖ ನೆನೆದು, ಉಸಿರು ಎಳೆದುಕೊಂಡು, ನೆತ್ತಿಯ ಮೂಗಿನಿಂದ ಜೋರಾಗಿ ಬಿಟ್ಟಳು. ‘ಉಸ್ಸ್ಸ್ಸ್!’ ತೆಂಗಿನಮರದೆತ್ತರಕ್ಕೆ ತುಂತುರು ಚಿಮ್ಮಿತು. ಕೊಲ್ಲಿಯೆಲ್ಲ ಗುಂಯ್ ಎಂದಿತು.

ಎಲ್ಲರೂ ಕಿವಿಗೊಟ್ಟರು. ಏನೂ ಕೇಳಲಿಲ್ಲ.

“ಇನ್ನೊಂದು ಸಲ!” ಎಂದಳು ಮೇರೆ.

‘ಉಸ್ಸ್ಸ್ಸ್!’

ಗೋಡೆಯಾಚೆ ಎರಡು ಶಾರ್ಕ್‌ಗಳು ಕೂಸನ್ನು ಸುತ್ತುತ್ತಿದ್ದವು. ಈ ಸದ್ದಿಗೆ ಬೆಚ್ಚಿಬಿದ್ದವು. “ಇವಳ ಉಸಿರೇ ಇಷ್ಟು ಜೋರಾದರೆ ಮೈ ಇನ್ನೆಷ್ಟಿರಬೇಕಪ್ಪಾ!” ಎಂದು ಒಂದನ್ನೊಂದು ತಳ್ಳಿಕೊಂಡು ಓಟ ಕಿತ್ತವು.

ಕೂಸು ಆಕಾಶದಲ್ಲಿ ಎದ್ದ ತುಂತುರನ್ನು ನೋಡಿತು. ಅಮ್ಮ ಅಲ್ಲಿದ್ದಾಳೆ! ಅದೂ ತನ್ನ ಪುಟ್ಟ ಮೂಗಿನಿಂದ ಊದಿತು.

‘ಪುಸ್.’

ಅಷ್ಟೇ ಸಾಕಾಯಿತು. ತಿಮಿಂಗಿಲಮ್ಮ ಸಂದಿನಿಂದ ಹಾರಿಹೋದಳೋ ಈಜಿಹೋದಳೋ, ಯಾರಿಗೂ ತಿಳಿಯಲಿಲ್ಲ. ತಿರುಗಿ ಬರುವಾಗ ಕೂಸು ಅವಳ ಪಕ್ಕೆಗೆ ಅಂಟಿಕೊಂಡು ಹಾಲು ಕುಡಿಯುತ್ತಿತ್ತು. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಮೇರೆ ಚಪ್ಪಾಳೆ ತಟ್ಟಿದಳು, ತೂಪಾ ಕಣ್ಣೊರೆಸಿಕೊಂಡಳು. ಬೆಟ್ಟಪ್ಪನಿಗಾದ ಸಂತೋಷಕ್ಕೆ ಬಿಸಿಲಿನಲ್ಲೇ ನಾಲ್ಕು ಹನಿ ಮಳೆ ಉದುರಿತು.

“ನಾನೇ ನಿನ್ನ ಬಾಯಿ ಕಟ್ಟಿದ್ದೆನಲ್ಲ ಕಂದಾ,” ಎಂದಳು ತಿಮಿಂಗಿಲಮ್ಮ. “ಇನ್ನು ಮುಂದೆ ನೀರಿನ ಮೇಲೆ ಬಂದಾಗಲೆಲ್ಲ ಊದು. ನಾನೂ ಊದುತ್ತೇನೆ.”

ಈಗ ಆ ದ್ವೀಪದ ಕಾಡು ನೋಡಲು, ಹವಳದ ನಡುವೆ ಮುಳುಗಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನೀನೂ ಯಾವತ್ತಾದರೂ ಅಲ್ಲಿಗೆ ಹೋಗಿ ದೋಣಿಯಲ್ಲಿ ಕೂತರೆ ನೋಡು: ದೊಡ್ಡ ತಿಮಿಂಗಿಲ ಮೇಲೆ ಬಂದು ಆಕಾಶಕ್ಕೆ ‘ಉಸ್’ ಎಂದು ತುಂತುರು ಊದುತ್ತದೆ, ಮತ್ತು ಪಕ್ಕದಲ್ಲಿ ಒಂದು ಚಿಕ್ಕ ‘ಪುಸ್’ ಕೇಳುವ ತನಕ ಅದು ಮತ್ತೆ ಮುಳುಗುವುದಿಲ್ಲ.